ದ್ರೌಪದಿಯ ಪಟ

ಹೋದ ವರ್ಷ ಕಾರ್ತಿಕ ಮಾಸದಲ್ಲಿ ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೂರು ಪಟಗಳನ್ನು ತಂದುಕೊಟ್ಟ. ಮೂರೂ ಅವನೇ ತೆಗೆದದ್ದು. ಕೊರಟಗೆರೆ ತಾಲ್ಲೂಕಿನ ಹಳ್ಳಿಯ ಹುಡುಗ, ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಅಮಾವಾಸ್ಯೆಯ ಆಸುಪಾಸಿನ ಶನಿವಾರ ಬಂತೆಂದರೆ ಟೆಲಿಸ್ಕೋಪು, ಕ್ಯಾಮೆರಾ, ಬ್ಯಾಟರಿ, ಚಹಾದ ಫ್ಲಾಸ್ಕು ಎಲ್ಲವನ್ನೂ ಕಾರಿಗೆ ತುಂಬಿಕೊಂಡು ಅಪ್ಪನ ಹೊಲಕ್ಕೆ ಬಂದುಬಿಡುತ್ತಾನೆ. "ಎಲ್ರೂ ಮಗ ಊರಿಗೆ ಬರಲ್ಲ ಅಂತ ಅಳ್ತಾರೆ ಮೇಡಂ, ನಮ್ಮೋನು ಬಂದ್ರೂ ಮನೇಲಿ ಮಲಗಲ್ಲ" ಎಂದು ಅವನ ತಾಯಿ ನನ್ನ ಹತ್ತಿರ ದೂರು ಹೇಳಿದ್ದುಂಟು.

ಪಟಗಳು ಗಟ್ಟಿ ಚೌಕಟ್ಟಿನಲ್ಲಿದ್ದವು, ಅಗಲ ಎರಡಡಿ. ಮೊದಲನೆಯದು ಆಂಡ್ರೊಮಿಡಾ ಗ್ಯಾಲಕ್ಸಿ. ನಡುವೆ ಅರಿಸಿನದ ಹೊಳಪು, ಸುತ್ತ ನೀಲಿ ಸೆರಗು, ಅಲ್ಲಲ್ಲಿ ಕುಂಕುಮದ ಚುಕ್ಕೆಗಳಂಥ ಕೆಂಪು. ಎರಡನೆಯದು ಸುಳಿ ಗ್ಯಾಲಕ್ಸಿ: ನೀರು ಕಾಲುವೆಯ ತೂಬಿಗೆ ಇಳಿಯುವಾಗ ತಿರುಗುವಂತೆ ಸುಳಿಗಟ್ಟಿದ ದೊಡ್ಡದೊಂದು, ಅದರ ತುದಿಗೆ ಅಂಟಿಕೊಂಡ ಚಿಕ್ಕದೊಂದು. ಮೂರನೆಯದು ಸಾಂಬ್ರೆರೊ, ಮೆಕ್ಸಿಕೋದವರ ಟೋಪಿ. ನನಗೆ ತಟ್ಟೆಯ ಮೇಲೆ ಬಟ್ಟಲು ಕವುಚಿಟ್ಟ ಹಾಗೆ ಕಂಡಿತು. ಪ್ರತಿ ಪಟದ ಕೆಳಗೂ ಗ್ಯಾಲಕ್ಸಿಯ ಹೆಸರು ಮತ್ತು ಅವನ ಹೆಸರು. ಅಷ್ಟೇ.

ಬಂದವರೆಲ್ಲ "ಅಬ್ಬಾ!" ಎಂದರು. ಇನ್‌ಸ್ಪೆಕ್ಷನ್ನಿಗೆ ಬಂದಿದ್ದ ಸಾಹೇಬರು ಅಂದರು, ಮಕ್ಕಳ ತಾಯಂದಿರು ಅಂದರು, ನಾನೂ ಅಂದೆ. ಇಂಥ ಚಿತ್ರಗಳಿಗೆ ನಮ್ಮಲ್ಲಿ ಇರುವುದು ಅದೊಂದೇ ಮಾತು. ಒಂದು ಕಥಾಸಂಕಲನ ಬಂದರೆ ಹತ್ತು ಜನ ಕೊಂಕು ತೆಗೆಯುತ್ತಾರೆ, ನಾಟಕವಾಡಿದರೆ ರಂಗಸಜ್ಜಿಕೆಯಿಂದ ಹಿಡಿದು ಮೀಸೆಯ ಅಂಟಿನ ತನಕ ಮಾತಾಡುತ್ತಾರೆ. ಗ್ಯಾಲಕ್ಸಿಯ ಪಟದ ಮುಂದೆ ಮಾತ್ರ ಎಲ್ಲರೂ ದೇವರ ಗುಡಿಯಲ್ಲಿ ನಿಂತ ಹಾಗೆ ನಿಲ್ಲುತ್ತಾರೆ. ನಾನು ಬಿ.ಎ., ಬಿ.ಎಡ್. ಓದಿದವಳು. ಮೂವತ್ತು ವರ್ಷ ಕನ್ನಡ, ಸಮಾಜ ಪಾಠ ಹೇಳಿದವಳು. ಭೌತಶಾಸ್ತ್ರ ನನ್ನದಲ್ಲ. ಆದರೂ ಒಂದು ಪದ್ಯದಲ್ಲಿ ಪ್ರಾಸಕ್ಕಾಗಿ ತುರುಕಿದ ಪದ ಯಾವುದು ಎಂದು ನನಗೆ ಗೊತ್ತಾಗುತ್ತದೆ. ಆ ಧೈರ್ಯದ ಮೇಲೆ ಈ ಮೂರು ಪಟಗಳ ವಿಮರ್ಶೆಗೆ ಕೂತಿದ್ದೇನೆ.

ಇದಕ್ಕೆ ಕಾರಣಳಾದವಳು ಎಂಟನೇ ತರಗತಿಯ ಒಬ್ಬ ಹುಡುಗಿ.

ಪ್ರದರ್ಶನದ ದಿನ ಸಂಜೆ ಆ ಹುಡುಗ ತನ್ನ ಟೆಲಿಸ್ಕೋಪನ್ನು ಶಾಲೆಯ ಮೈದಾನದಲ್ಲಿ ನಿಲ್ಲಿಸಿದ್ದ. ರಾತ್ರಿ ಎಂಟೂವರೆಯ ತನಕ ಇರಬೇಕು ಎಂದದ್ದರಿಂದ ಹುಡುಗರೆಲ್ಲ ಉಳಿದರು, ಹುಡುಗಿಯರಲ್ಲಿ ಆರು ಜನ ಉಳಿದರು. ಆ ಆರರಲ್ಲಿ ನಾಲ್ವರು ಶಾಲೆಯ ಬೀದಿಯವರೇ. ಬೆಟ್ಟದ ನೆರಳಿನ ಪಕ್ಕ ಆಂಡ್ರೊಮಿಡಾ ನೆತ್ತಿಯಿಂದ ಕೊಂಚ ಉತ್ತರಕ್ಕೆ ಬಂದಿತ್ತು. ಇವಳು ಕಣ್ಣಿಟ್ಟು ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಮಿಸ್, ಬೂದಿ ಉಜ್ಜಿದಂಗೈತೆ. ಪಟದಾಗೆ ಅಷ್ಟು ಚೆಂದಾಗೈತಲ್ಲ, ಅದು ಸುಳ್ಳಾ?" ಅಂದಳು.

ನನಗೆ ಉತ್ತರ ತೋಚಲಿಲ್ಲ. ವರ್ಷಗಟ್ಟಲೆ ತರಗತಿಯ ಗೋಡೆಗೆ ಅಂತರಿಕ್ಷದ ದೂರದರ್ಶಕ ತೆಗೆದ ಬಣ್ಣದ ಚಿತ್ರಗಳನ್ನು ಅಂಟಿಸಿ, "ನೋಡಿ ಮಕ್ಕಳೇ, ಆಕಾಶದಲ್ಲಿ ಹೀಗಿದೆ" ಎಂದವಳು ನಾನೇ. ಆ ಮಗು ಪಟವನ್ನು ನಂಬಿ ಕಣ್ಣಿಟ್ಟಿದ್ದಳು. ಈಗ ಅವಳು ನಂಬಿಕೆ ಕಳೆದುಕೊಳ್ಳುವುದಾದರೆ ಯಾವುದರ ಮೇಲೆ? ಪಟದ ಮೇಲೋ, ಆಕಾಶದ ಮೇಲೋ, ನನ್ನ ಮೇಲೋ?

ಆ ಬೂದಿ ಮಚ್ಚೆ ನನಗೆ ಹಳೆಯ ಪರಿಚಯ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ವರ್ಗವಾಗಿ ತಿರುಗಿದವಳು ನಾನು. ಪಾವಗಡದ ಕಡೆ ಇದ್ದಾಗ, 1998ರ ಸುಮಾರಿಗೆ, ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಬಾಡಿಗೆ ಮನೆಯ ಮಾಳಿಗೆ ಮೇಲೆ ನಾವು ಮೂವರು ಟೀಚರುಗಳು ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ನನ್ನ ಹತ್ತಿರ ಜಿ. ಟಿ. ನಾರಾಯಣ ರಾವ್ ಅವರ ಆಕಾಶದ ಪುಸ್ತಕವೊಂದಿತ್ತು. ಅದರಲ್ಲಿ ಆಂಡ್ರೊಮಿಡಾ ನಕ್ಷತ್ರಪುಂಜಕ್ಕೆ ದ್ರೌಪದಿ ಎಂದು ಹೆಸರು, ಪಕ್ಕದ ಕ್ಯಾಸಿಯೋಪಿಯಾಕ್ಕೆ ಕುಂತಿ. ಅತ್ತೆ ಸೊಸೆ ಅಕ್ಕಪಕ್ಕ! ಇಂಗ್ಲಿಷಿನ ಡಬ್ಲ್ಯು ಅಕ್ಷರದ ಹಾಗಿರುವ ಕುಂತಿಯ ಐದು ಚುಕ್ಕೆಗಳಲ್ಲಿ ಆಳವಾದ ಕೊಂಡಿಯ ತುದಿ ಎತ್ತ ತೋರಿಸುತ್ತದೋ ಅತ್ತ ಕಣ್ಣು ಜಾರಿಸಿದರೆ ಸೊಸೆಯ ಮಡಿಲಲ್ಲಿ ಒಂದು ಮಸುಕು ಸಿಗುತ್ತದೆ. ನೆಟ್ಟ ನೋಟಕ್ಕೆ ಕಾಣದೆ ಓರೆಗಣ್ಣಿಗೆ ಕಾಣುವ ಮಸುಕು. ಅದು 25 ಲಕ್ಷ ಜ್ಯೋತಿರ್ವರ್ಷ ದೂರದ್ದು, ಬರಿಗಣ್ಣಿಗೆ ಸಲೀಸಾಗಿ ಕಾಣುವ ಅತ್ಯಂತ ದೂರದ ವಸ್ತು ಎಂದು ಓದಿ ಹೇಳಿದಾಗ ಜೊತೆಯ ಟೀಚರೊಬ್ಬರು ಎದ್ದು ಕೂತುಬಿಟ್ಟರು. ಈಗ ಅದೇ ಪಾವಗಡದಲ್ಲಿ 13,000 ಎಕರೆಯಲ್ಲಿ ಬಿಸಿಲಿನಿಂದ 2,050 ಮೆಗಾವಾಟು ವಿದ್ಯುತ್ತು ತಯಾರಿಸುವ ಪಾರ್ಕು ಇದೆ. ಬೀದಿಗೆ ಬೆಳ್ಳಗಿನ ದೀಪಗಳು ಬಂದಿವೆ. ಬೇಡ ಎನ್ನಲು ನಾನು ಯಾರು? ಲಾಟೀನಿನ ಬೆಳಕಿನಲ್ಲಿ ಪರೀಕ್ಷೆಯ ಪೇಪರು ತಿದ್ದಿದವಳು ನಾನು. ಮಸುಕು ಮಾತ್ರ ಇನ್ನಷ್ಟು ಮಸುಕಾಗಿದೆ. ಶಿರಾದಲ್ಲಂತೂ ಹೆದ್ದಾರಿಯ ಪಕ್ಕ ನಿಂತು ಅದನ್ನು ಹುಡುಕುವುದೇ ಬೇಡ.

ಹಾಗಾದರೆ ಪಟದ ಬಣ್ಣ ಸುಳ್ಳೇ? ಮಾರನೆಯ ವಾರ ಆ ಹುಡುಗನನ್ನು ಮನೆಗೆ ಕರೆಸಿ, ಉಪ್ಪಿಟ್ಟು ಕೊಟ್ಟು, ಪಟ ಹೇಗೆ ಮಾಡಿದೆ ಎಂದು ಒಂದೊಂದಾಗಿ ಕೇಳಿದೆ. ಅವನು ಹೇಳಿದ್ದು ಇಷ್ಟು. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸರಿಯುತ್ತಲೇ ಇರುತ್ತವೆ. ಅದಕ್ಕೆ ಸಮನಾಗಿ ತಿರುಗುವ ಯಂತ್ರದ ಮೇಲೆ ಟೆಲಿಸ್ಕೋಪು ಕೂರಿಸಬೇಕು, ಆ ಯಂತ್ರವನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು. ಧ್ರುವ ನಮ್ಮ ಸೀಮೆಯಲ್ಲಿ ದಿಗಂತದಿಂದ ಸುಮಾರು 14 ಡಿಗ್ರಿಯಷ್ಟೇ ಮೇಲೆ. ಹಾಗಾಗಿ ಉತ್ತರಕ್ಕೆ ಬೆಟ್ಟವಿರುವ ಜಾಗ ಕೆಲಸಕ್ಕೆ ಬಾರದು. ಬೆಟ್ಟಗಳೇ ತುಂಬಿರುವ ಕೊರಟಗೆರೆಯಲ್ಲಿ ಅವನ ಅಪ್ಪನ ಹೊಲ ಹೇಗೋ ಉತ್ತರಕ್ಕೆ ತೆರೆದುಕೊಂಡಿದೆ. ಆಮೇಲೆ ಮೂರು ಮೂರು ನಿಮಿಷದ 80 ಚಿತ್ರ ತೆಗೆಯಬೇಕು. ಮುಚ್ಚಳ ಹಾಕಿ ಕತ್ತಲೆಯದೇ ಒಂದಷ್ಟು ಚಿತ್ರ. ಕ್ಯಾಮೆರಾದ ಸ್ವಂತ ಕಲೆ ಯಾವುದು ಎಂದು ಗೊತ್ತಾಗಲು. ಮುಂಜಾವಿನಲ್ಲಿ ಟೆಲಿಸ್ಕೋಪಿನ ಬಾಯಿಗೆ ಅಪ್ಪನ ಬಿಳಿ ಪಂಚೆ ಬಿಗಿದು ಇನ್ನೊಂದಷ್ಟು. ಗಾಜಿನ ಮೇಲಿನ ಧೂಳಿನ ನೆರಳು ತೆಗೆಯಲು. ಕೊನೆಗೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುವುದು.

ಪೇರಿಸಿದರೆ ಏನಾಗುತ್ತದೆ ಎನ್ನುವುದು ನನಗೆ ಬೇಗ ತಿಳಿಯಿತು. ಐವತ್ತು ಮಕ್ಕಳು ಒಟ್ಟಿಗೆ ಮಗ್ಗಿ ಹೇಳುವಾಗ ಒಬ್ಬ ಕೆಮ್ಮುತ್ತಾನೆ, ಒಬ್ಬಳು ಪಿಸುಗುಡುತ್ತಾಳೆ, ಒಬ್ಬ ತಪ್ಪು ಹೇಳುತ್ತಾನೆ. ಆದರೂ ಹೊರಗೆ ವರಾಂಡದಲ್ಲಿ ನಿಂತ ಹೆಡ್‌ಮಾಸ್ತರರಿಗೆ ಕೇಳುವುದು ಮಗ್ಗಿಯೇ. ಎಲ್ಲರಲ್ಲೂ ಇರುವುದು ಕೂಡಿಕೊಳ್ಳುತ್ತದೆ, ಒಬ್ಬೊಬ್ಬರದೇ ಗದ್ದಲ ಅಳಿಸಿಹೋಗುತ್ತದೆ. ನೂರು ಚಿತ್ರ ಪೇರಿಸಿದರೆ ಗದ್ದಲ ಹತ್ತನೇ ಒಂದು ಪಾಲಿಗೆ ಇಳಿಯುತ್ತದಂತೆ. ನಮ್ಮ ಕಣ್ಣಿಗೆ ಹೀಗೆ ಬೆಳಕನ್ನು ಕೂಡಿಡುವ ಶಕ್ತಿಯಿಲ್ಲ. ಬಂದ ಬೆಳಕನ್ನು ಆಗಿಂದಾಗ್ಗೆ ಖರ್ಚು ಮಾಡಿಬಿಡುತ್ತದೆ.

ಇನ್ನು ಬಣ್ಣ. ಕರೆಂಟು ಹೋದಾಗ ಬೀರುವಿಗೆ ಕೈಹಾಕಿ ಹಸಿರು ಸೀರೆಯೆಂದು ನೀಲಿ ಸೀರೆ ಉಟ್ಟು ಬಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಸೀರೆಗೆ ಬಣ್ಣವಿಲ್ಲವೆಂದಲ್ಲ. ಆಂಡ್ರೊಮಿಡಾದ ನಡುವಿನ ಹಳದಿ ಮುಪ್ಪಾದ ನಕ್ಷತ್ರಗಳದು, ಅಂಚಿನ ನೀಲಿ ಎಳೆಯ ನಕ್ಷತ್ರಗಳದು, ಕೆಂಪು ಚುಕ್ಕೆಗಳು ಹೊಸ ನಕ್ಷತ್ರ ಹುಟ್ಟುವ ಜಲಜನಕದ ಮೋಡಗಳು. ಬಣ್ಣ ಇದ್ದದ್ದೇ. ಅವನು ಅದನ್ನು ಎತ್ತಿ ತೋರಿಸಿದ್ದಾನೆ. ಎಷ್ಟು ಎತ್ತಬೇಕು ಎನ್ನುವುದು ಅವನ ಕೈಯಲ್ಲಿತ್ತು. ಒಂದು ಮಾತು ನನ್ನನ್ನು ಬೆರಗುಗೊಳಿಸಿತು. ಹತ್ತಿರ ಹೋದರೆ ಗ್ಯಾಲಕ್ಸಿ ದೊಡ್ಡದಾಗಿ ಕಾಣುತ್ತದೆಯೇ ವಿನಾ ಅದರ ಹೊಳಪು ಹೆಚ್ಚುವುದಿಲ್ಲವಂತೆ. ರಾಕೆಟ್ಟಿನಲ್ಲಿ ಕೂತು ಹೋದರೂ ಕಣ್ಣಿಗೆ ಆ ಪಟ ಸಿಗುವುದಿಲ್ಲ. ಯೋಚಿಸಿದರೆ ಹೌದಲ್ಲ! ನಾವು ಆಕಾಶಗಂಗೆಯ ಒಳಗೇ ಕೂತಿದ್ದೇವೆ. ಅದು ನಮಗೆ ಬಣ್ಣಬಣ್ಣವಾಗಿ ಕಾಣುತ್ತದೆಯೇ? ಹಾಲು ಚೆಲ್ಲಿದಂತೆ ಬಿಳಿಚಿಕೊಂಡೇ ಇದೆ.

ಅಂದಮೇಲೆ ಆ ಪಟ "ನೋಡಿದ್ದು" ಅಲ್ಲ, "ಕೂಡಿಸಿದ್ದು". ಕೂಡಿಸಿದ್ದಕ್ಕೆ ಲೆಕ್ಕ ಬೇಕು. ನನ್ನ ತಕರಾರು ಇಷ್ಟೇ: ಪಟದ ಕೆಳಗೆ ಲೆಕ್ಕವಿಲ್ಲ.

ಇದನ್ನು ಅವನಿಗೆ ಹೇಳಿದೆ. ಎಲ್ಲಿ, ಯಾವ ರಾತ್ರಿ, ಎಷ್ಟು ಗಂಟೆ, ಎಷ್ಟು ಚಿತ್ರ ಪೇರಿಸಿದ್ದು, ಬಣ್ಣ ಎಷ್ಟು ಎತ್ತಿದ್ದು, ಏನೇನು ತಿದ್ದಿದ್ದು, ಬರಿಗಣ್ಣಿಗೆ ಹೇಗೆ ಕಾಣುತ್ತದೆ ಎಂದೆಲ್ಲ ಬರೆ ಎಂದೆ. ಅವನು ನಕ್ಕ. "ಮಿಸ್, ಮದುವೆ ಆಲ್ಬಮ್ ಕೆಳಗೆ ಹುಡುಗಿ ಮುಖ ಬೆಳ್ಳಗೆ ಮಾಡಿದೀವಿ ಅಂತ ಬರೀತಾರಾ?"

ಅವನು ತಮಾಷೆಗೆ ಅಂದದ್ದು. ಆದರೆ ಆ ಮಾತು ನನ್ನನ್ನು ಮೂವತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು. 1993ರಲ್ಲಿ ಬಿ.ಎಡ್. ಮುಗಿಸಿ ಬಂದಾಗ ಗಂಡಿನ ಮನೆಗೆ ಕಳಿಸಲು ನನ್ನದೊಂದು ಫೋಟೋ ತೆಗೆಸಿದರು. ಕ್ಯಾಬಿನೆಟ್ ಸೈಜು, ಹಿಂದೆ ಪರದೆಯ ಮೇಲೆ ಬರೆದ ಕೊಳ, ಮುಂದೆ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂ. ಸ್ಟುಡಿಯೋದವರು ನಮ್ಮಮ್ಮನಿಗೆ "ಟಚಿಂಗ್ ಮಾಡಿ ಕೊಡ್ತೀನಿ, ಯೋಚನೆ ಮಾಡ್ಬೇಡಿ" ಅಂದರು. ಫೋಟೋ ಬಂದಾಗ ನೋಡಿದರೆ ನಾನು ನನ್ನ ಚಿಕ್ಕಮ್ಮನ ಮಗಳ ಹಾಗಿದ್ದೆ. ಅದನ್ನು ನೋಡಿ ಒಪ್ಪಿದವರು ಮನೆಗೆ ಬಂದರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲು ದಾಟಿದೆನೋ ಇಲ್ಲವೋ, ಗಂಡಿನ ಕಡೆಯ ಅಜ್ಜಿಯೊಬ್ಬರು ಪಕ್ಕದವರಿಗೆ "ಫೋಟೋದಾಗೆ ಬೆಳ್ಳಗಿದ್ಲು" ಅಂದದ್ದು ಇಡೀ ಪಡಸಾಲೆಗೆ ಕೇಳಿಸಿತು. ಆ ಸಂಬಂಧ ಆಗಲಿಲ್ಲ, ಅದರ ಬಗ್ಗೆ ನನಗೆ ದುಃಖವೂ ಇಲ್ಲ. ಅವತ್ತು ಒಳಗೆ ಹೋಗಿ ಅತ್ತದ್ದು ಬೇರೆ ಕಾರಣಕ್ಕೆ. ನಾನು ಯಾರಿಗೂ ಸುಳ್ಳು ಹೇಳಿರಲಿಲ್ಲ. ಆದರೂ ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ಎಲ್ಲರ ಮುಂದೆ ನಿಂತಿದ್ದೆ. ಬಣ್ಣ ಹಚ್ಚಿದವರು ಯಾರೋ, ತಲೆ ತಗ್ಗಿಸಿದವಳು ನಾನು.

ಎಂಟನೇ ತರಗತಿಯ ಹುಡುಗಿ ಟೆಲಿಸ್ಕೋಪಿನಿಂದ ಕಣ್ಣು ತೆಗೆದಾಗ ನನಗೆ ಪಾಪ ಅನ್ನಿಸಿದ್ದು ಅವಳ ಮೇಲಷ್ಟೇ ಅಲ್ಲ ಎಂದು ಈಗ ತಿಳಿಯುತ್ತಿದೆ. 25 ಲಕ್ಷ ವರ್ಷ ನಡೆದು ಬಂದ ಬೆಳಕು ಅದು; ಬಾಗಿಲಲ್ಲಿ ನಿಂತು "ಪಟದಲ್ಲಿ ಚೆಂದಿದ್ದೆ" ಅನ್ನಿಸಿಕೊಂಡಿತು.

ಹಳಬರು ಹೀಗೆ ಮಾಡುತ್ತಿರಲಿಲ್ಲ. ಆಂಡ್ರೊಮಿಡಾಕ್ಕೆ ಸುಳಿಯ ಆಕಾರವಿದೆ ಎಂದು ಮೊದಲು ಪಟದಲ್ಲಿ ಹಿಡಿದವನು ಐಸಾಕ್ ರಾಬರ್ಟ್ಸ್, 1888ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನ ಹತ್ತಿರ. ಅವನು ವಿಜ್ಞಾನಿಯಲ್ಲ, ಕಟ್ಟಡ ಕಟ್ಟಿಸುವ ವ್ಯವಹಾರದವನು, ನಮ್ಮ ಹುಡುಗನ ಹಾಗೆ ಹವ್ಯಾಸಿ. ಅದೊಂದು ಹುಟ್ಟುತ್ತಿರುವ ಸೌರಮಂಡಲ ಎಂದು ಅವನು ಭಾವಿಸಿದ್ದ. ಅರ್ಥ ತಪ್ಪು. ಆದರೆ ಪಟಗಳನ್ನು ಅಚ್ಚು ಹಾಕಿಸುವಾಗ ತಾರೀಖು, ಎಷ್ಟು ಹೊತ್ತು ಬೆಳಕಿಗೆ ಒಡ್ಡಿದ್ದು, ಅಳತೆ ಎಲ್ಲ ಕೊಟ್ಟ. ಅವನ ಹೆಂಡತಿ ಡೊರೊಥಿಯಾ ಕ್ಲುಂಪ್ಕೆ ಸ್ವತಃ ಖಗೋಳ ವಿಜ್ಞಾನಿ. 1899ರಲ್ಲಿ ಉಲ್ಕೆಗಳನ್ನು ನೋಡಲು ಬಲೂನು ಹತ್ತಿದ ಗಟ್ಟಿಗಿತ್ತಿ. 1904ರಲ್ಲಿ ಗಂಡ ತೀರಿಕೊಂಡ ಮೇಲೆ ಅವನ ಪಟಗಳ ಕೆಲಸವನ್ನು ಆಕೆ ಮುಂದುವರಿಸಿದಳು. ಲೆಕ್ಕ ಬರೆದಿಟ್ಟಿದ್ದರಿಂದ ತಾನೇ ಇನ್ನೊಬ್ಬರು ಮುಂದುವರಿಸಲಾದದ್ದು?

ಇನ್ನೊಬ್ಬಾಕೆಯ ವಿಷಯ ಹೇಳಲೇಬೇಕು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹೆನ್ರಿಯೆಟಾ ಲೆವಿಟ್ ಎಂಬ ಹೆಣ್ಣುಮಗಳಿದ್ದಳು. ಅಲ್ಲಿ ರಾತ್ರಿ ದೂರದರ್ಶಕದ ಹತ್ತಿರ ಕೂರುವ ಕೆಲಸ ಗಂಡಸರದು. ಅವರು ತೆಗೆದ ಗಾಜಿನ ಪಟಗಳನ್ನು ಹಗಲಿನಲ್ಲಿ ಭೂತಗನ್ನಡಿ ಹಿಡಿದು ಓದುವ ಕೆಲಸ ಹೆಂಗಸರದು. ಪೆರು ದೇಶದಿಂದ ಬಂದ ಪಟಗಳಲ್ಲಿ ಮಿಣುಕುವ ನಕ್ಷತ್ರಗಳನ್ನು ಲೆಕ್ಕ ಹಾಕುತ್ತ ಹಾಕುತ್ತ ಆಕೆ, ಮಿಣುಕುವ ಅವಧಿ ಹೆಚ್ಚಿದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು ಎಂಬ ನಿಯಮ ಕಂಡುಹಿಡಿದು 1912ರಲ್ಲಿ ಪ್ರಕಟಿಸಿದಳು. ಆ ಅಳತೆಗೋಲು ಹಿಡಿದೇ ಎಡ್ವಿನ್ ಹಬಲ್ ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಹೊರಗಿನದು ಎಂದು ತೋರಿಸಿದ್ದು. 1923ರ ಅಕ್ಟೋಬರಿನ ಅವನ ಗಾಜಿನ ಪಟ ಈಗಲೂ ಇದೆ. ಅದರಲ್ಲಿ ಬಣ್ಣವಿಲ್ಲ, ಬಿಳಿ ಆಕಾಶದಲ್ಲಿ ಕಪ್ಪು ಚುಕ್ಕೆಗಳು. ಒಂದು ಚುಕ್ಕೆಯ ಪಕ್ಕ ಮೊದಲು ತಪ್ಪಾಗಿ ಬರೆದದ್ದನ್ನು ಹೊಡೆದುಹಾಕಿ, ಇದು ಮಿಣುಕುವ ನಕ್ಷತ್ರ ಎಂದು ಆಶ್ಚರ್ಯಚಿಹ್ನೆ ಹಾಕಿದ್ದಾನೆ. ಆಂಡ್ರೊಮಿಡಾದ ಅತ್ಯುತ್ತಮ ಪಟ ಯಾವುದೆಂದು ನನ್ನನ್ನು ಕೇಳಿದರೆ ಆ ಕಾಟುಹೊಡೆದ ಪಟ ಎನ್ನುತ್ತೇನೆ. ಲೆವಿಟ್ ಅದನ್ನು ನೋಡಲಿಲ್ಲ, 1921ರಲ್ಲೇ ತೀರಿಕೊಂಡಿದ್ದಳು.

ಅಷ್ಟು ದೂರ ಯಾಕೆ, ನಮ್ಮ ಸೀಮೆಯ ಶಾಸನಗಳನ್ನೇ ನೋಡಿ. ಗ್ರಹಣದ ದಿನ ಭೂಮಿ ದಾನ ಕೊಟ್ಟರೆ ಶಕವರ್ಷ, ಮಾಸ, ತಿಥಿ, ವಾರ, ಯಾವ ಗ್ರಹಣ, ಹೊಲದ ನಾಲ್ಕು ಗಡಿ, ಸಾಕ್ಷಿಗಳು, ಎಷ್ಟೋ ಕಡೆ ಕಲ್ಲು ಕೆತ್ತಿದವನ ಹೆಸರು ಎಲ್ಲ ಬರೆಯುತ್ತಿದ್ದರು. ಬೆಂಗಳೂರಿನ ತಾರಾಲಯದಲ್ಲಿದ್ದ ಬಿ. ಎಸ್. ಶೈಲಜಾ ಅವರು ಆ ಶಾಸನಗಳಿಂದಲೇ ಹಳೆಯ ಗ್ರಹಣಗಳ ಲೆಕ್ಕ ತೆಗೆದು ಪುಸ್ತಕ ಮಾಡಿದ್ದಾರೆ. ಕಲ್ಲಿನವನು ಲೆಕ್ಕ ಬರೆಯದಿದ್ದರೆ ಆ ಗ್ರಹಣ ಯಾರಿಗೆ ಸಿಗುತ್ತಿತ್ತು?

ಇದು ಹಳೆಯ ಕಾಲದ ಮಾತೆಂದೂ ತಿಳಿಯಬೇಡಿ. ಫ್ರಾನ್ಸಿನ ಯಾನ್ ಸೈಂಟಿ ಮತ್ತು ಅವನ ಇಬ್ಬರು ಹವ್ಯಾಸಿ ಗೆಳೆಯರು 22 ರಾತ್ರಿ, ನೂರು ಗಂಟೆಗೂ ಮಿಕ್ಕಿ ಆಂಡ್ರೊಮಿಡಾದ ಬೆಳಕು ಕೂಡಿಸಿ, ಅದರ ಪಕ್ಕದಲ್ಲಿ ಯಾರೂ ಕಾಣದಿದ್ದ ಆಮ್ಲಜನಕದ ನೀಲಿ ಕಮಾನೊಂದನ್ನು ಕಂಡರು. ಸಾವಿರಾರು ಜನ ಪಟ ತೆಗೆದ ಗ್ಯಾಲಕ್ಸಿ ಅದು! ಕಂಪ್ಯೂಟರಿನ ಕೈವಾಡವಿರಬಹುದು ಎಂದು ಯಾರಾದರೂ ಅನ್ನಬಹುದಿತ್ತು. ಲೆಕ್ಕ ಇತ್ತು, ಬೇರೆಯವರೂ ಬೇರೆ ಟೆಲಿಸ್ಕೋಪಿನಲ್ಲಿ ಅದನ್ನು ಹಿಡಿದರು, ವಿಜ್ಞಾನಿಗಳ ಜೊತೆ ಸೇರಿ 2023ರಲ್ಲಿ ಪ್ರಕಟಿಸಿದರು.

ಈಗ ಮತ್ತೆ ನಮ್ಮ ಹುಡುಗನ ಮೂರು ಪಟಗಳು. ಆಂಡ್ರೊಮಿಡಾದಲ್ಲಿ ಬಣ್ಣ ಜಾಸ್ತಿಯಾಗಿದೆ. ನೀಲಿ ಸೆರಗು ಚೆಂದವೇ, ಆದರೆ ಧೂಳಿನ ಕಪ್ಪು ಗೆರೆಗಳು ಅದರಲ್ಲಿ ಮುಳುಗಿಹೋಗಿವೆ. ದ್ರೌಪದಿಗೆ ಸೀರೆಯ ಮೇಲೆ ಸೀರೆ ಬಂದ ಕಥೆ ನಮಗೆ ಗೊತ್ತು. ಅಲ್ಲಿ ಅದು ಮಾನ ಕಾಯಲು, ಇಲ್ಲಿ ಅಗತ್ಯವಿರಲಿಲ್ಲ. ಪಕ್ಕದ ಎರಡು ಪುಟ್ಟ ಸಂಗಾತಿ ಗ್ಯಾಲಕ್ಸಿಗಳನ್ನು ಬಿಡದೆ ಚೌಕಟ್ಟಿನೊಳಗೆ ಕೂರಿಸಿದ್ದು ಮಾತ್ರ ಒಳ್ಳೆಯ ಕಣ್ಣು. ಸುಳಿ ಗ್ಯಾಲಕ್ಸಿ ಮೂರರಲ್ಲೂ ಶ್ರೇಷ್ಠ. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ಭಾರಿ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿ ಕೈಯಿಂದಲೇ ಚಿತ್ರ ಬರೆದದ್ದು ಇದರದೇ. ಇದರಲ್ಲಿ ನಮ್ಮ ಹುಡುಗ ಗದ್ದಲವನ್ನು ಪೂರ್ತಿ ಒರೆಸಿಲ್ಲ. ಹಿನ್ನೆಲೆಯಲ್ಲಿ ರಾಗಿಹಿಟ್ಟಿನ ಹಾಗೆ ನುಣ್ಣನೆಯ ತರಿ ಉಳಿದಿದೆ, ಚಿಕ್ಕ ಗ್ಯಾಲಕ್ಸಿಯಿಂದಾಚೆಗೆ ಚೆದುರಿದ ತೆಳು ಬೆಳಕು ಇದೆಯೋ ಇಲ್ಲವೋ ಎನ್ನುವಷ್ಟು ಇದೆ. ನೋಡುವವಳಿಗೂ ಕೆಲಸ ಕೊಡುವ ಪಟ. ಸಾಂಬ್ರೆರೊ ನನಗೆ ಹಿಡಿಸಲಿಲ್ಲ. ಅವನ ಚಿಕ್ಕ ಟೆಲಿಸ್ಕೋಪಿಗೆ ಅದು ಬೆರಳುಗುರಿನಷ್ಟೇ ಸಿಕ್ಕಿದೆ. ಅದನ್ನು ಹಿಗ್ಗಿಸಿ, ತಾನಾಗಿಯೇ ಚುರುಕುಗೊಳಿಸುವ ಯಾವುದೋ ಪ್ರೋಗ್ರಾಮಿಗೆ ಕೊಟ್ಟಿದ್ದಾನೆ. ನಡುವಿನ ಧೂಳಿನ ಪಟ್ಟಿ ಸ್ಟೀಲು ಪಾತ್ರೆಯ ಮೇಲೆ ಹೆಸರು ಕೆತ್ತಿದ ಹಾಗೆ ಬಂದಿದೆ. ಅದರಲ್ಲಿ ಆಕಾಶದಿಂದ ಬಂದದ್ದೆಷ್ಟು, ಪ್ರೋಗ್ರಾಮು ಊಹಿಸಿದ್ದೆಷ್ಟು ಎಂದು ಕೇಳಿದೆ. ಅವನು ಉಪ್ಪಿಟ್ಟಿನ ತಟ್ಟೆ ನೋಡುತ್ತ ಕೂತ.

ಅವನ ಕಷ್ಟವೂ ನನಗೆ ಗೊತ್ತು. ಲೆಕ್ಕ ಬರೆದರೆ "ಓ, ಇದೆಲ್ಲ ಕಂಪ್ಯೂಟರಲ್ಲಿ ಮಾಡಿದ್ದಾ" ಎಂದು ಮೂಗು ಮುರಿಯುವವರು ಬೇಕಾದಷ್ಟು ಜನ. ಹೊಲದಲ್ಲಿ ಇಬ್ಬನಿಗೆ ನೆನೆದು, ನಾಯಿಗಳ ಕಾಟ ತಡೆದು, ಎಚ್ಚರವಾಗಿ ಕೂತ ರಾತ್ರಿಗಳಿಗೆ ಆಗ ಬೆಲೆಯೇ ಇಲ್ಲದ ಹಾಗಾಗುತ್ತದೆ. ಆದರೆ ಆ ರಾತ್ರಿಗಳೂ ಲೆಕ್ಕದಲ್ಲೇ ಬರಬೇಕಲ್ಲ? ಬರೆಯದಿದ್ದರೆ ಅಮ್ಮನ ದೂರಿನಲ್ಲಿ ಬಿಟ್ಟು ಇನ್ನೆಲ್ಲಿ ಉಳಿಯುತ್ತವೆ?

ಎಂಟನೇ ತರಗತಿಯವಳಿಗೆ ನಾನು ಉತ್ತರ ಕೊಟ್ಟದ್ದು ಸಂಕ್ರಾಂತಿ ಕಳೆದ ಮೇಲೆ, ನಮ್ಮ ಮನೆಯ ಮಾಳಿಗೆಯಲ್ಲಿ, ಅವಳ ಅಮ್ಮನನ್ನೂ ಕರೆಸಿಕೊಂಡು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲೆಂದು ಇಪ್ಪತ್ತು ನಿಮಿಷ ದೀಪವಿಲ್ಲದೆ ಕೂತೆವು. ಅಷ್ಟರಲ್ಲಿ ಸಾರಿನ ಪುಡಿಯಿಂದ ಹಿಡಿದು ಅವಳ ಅಕ್ಕನ ಮದುವೆಯ ತನಕ ಮಾತಾಯಿತು. ಆಮೇಲೆ ಕುಂತಿಯಿಂದ ಹಿಡಿದು ತೋರಿಸುತ್ತ ಹೋದೆ. ತಾಯಿಗೆ ಮೊದಲು ಕಂಡಿತು. ಮಗಳಿಗೆ ಓರೆಗಣ್ಣಿನ ಉಪಾಯ ಹೇಳಿಕೊಟ್ಟವಳೂ ಆಕೆಯೇ. "ಬೂದಿನೇ ಮಿಸ್" ಅಂದಳು ಹುಡುಗಿ, ಈ ಸಲ ದೂರಿನ ದನಿಯಲ್ಲಲ್ಲ.

ಮಾರ್ಚಿನಲ್ಲಿ ಹುಡುಗ ಅಂಚೆಯಲ್ಲಿ ಒಂದು ಲಕೋಟೆ ಕಳಿಸಿದ. ಒಳಗೆ ಎರಡು ಚೀಟಿ, ಕೈಬರಹದ್ದೇ. ಆಂಡ್ರೊಮಿಡಾ: ಊರು, ಎರಡು ರಾತ್ರಿಯ ತಾರೀಖು, ಒಟ್ಟು ನಾಲ್ಕು ಗಂಟೆ, 80 ಚಿತ್ರ, "ಬಣ್ಣ ನಾನೇ ಹೆಚ್ಚಿಸಿದ್ದೇನೆ", "ಬರಿಗಣ್ಣಿಗೆ ಬೂದಿ ಬಣ್ಣದ ಮಸುಕು". ಸುಳಿ ಗ್ಯಾಲಕ್ಸಿಗೂ ಹಾಗೆಯೇ ಒಂದು. ಅವೆರಡು ಪಟ ಈಗ ಚೀಟಿ ಸಮೇತ ನಮ್ಮ ಶಾಲೆಯ ವರಾಂಡದಲ್ಲಿವೆ. ಸಾಂಬ್ರೆರೊದ ಚೀಟಿ ಇನ್ನೂ ಬಂದಿಲ್ಲ. ಅದು ಸ್ಟಾಫ್ ರೂಮಿನ ಬೀರುವಿನ ಮೇಲೆ ಗೋಡೆಗೆ ಮುಖ ಮಾಡಿಕೊಂಡು ಕೂತಿದೆ.